ಪಥ್ಯದ ಹೆಸರಿನ ಉಪವಾಸ

ಯಕೃತ್ತಿನ ಸಿರೋಸಿಸ್ ಬಲಿತ ರೋಗಿಯನ್ನು ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ, ಮುಳ್ಳು ಕಳೆದ ತಿಂಗಳಿಗಿಂತ ಮೂರು ನಾಲ್ಕು ಕಿಲೋ ಮುಂದಕ್ಕೆ ಸರಿದುದನ್ನು ಕಂಡು, ಜೊತೆಗೆ ಬಂದ ಮನೆಯವರು ‘ಸದ್ಯ, ಮೈ ತುಂಬಿಕೊಳ್ಳುತ್ತಿದೆ’ ಎಂದು ಸಮಾಧಾನ ತಂದುಕೊಳ್ಳುವುದುಂಟು. ಏರಿದ ತೂಕವೆಲ್ಲ ಉದರದಲ್ಲಿ ಸಂಚಯವಾದ ನೀರಿನದೆಂಬುದು ಅಂಗಿಯ ಗುಂಡಿ ಬಿಚ್ಚಿದೊಡನೆ ತಿಳಿಯುತ್ತದೆ. ಹೊಟ್ಟೆಯೇನೋ ಬಿಗಿದು ಹೊಳೆಯುತ್ತಿರುತ್ತದೆ. ಆದರೆ ಕಣತಲೆಗಳು ಗುಳಿಬಿದ್ದಿರುತ್ತವೆ, ಕೊರಳೆಲುಬು ಎದ್ದು ಕಾಣುತ್ತದೆ, ರಟ್ಟೆಯ ಚರ್ಮ ಜೋಲುತ್ತದೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿರಬೇಕಾದ ಮಾಂಸವು ಬತ್ತಿ ಅಲ್ಲೊಂದು ಹಳ್ಳವಾಗಿರುತ್ತದೆ. ಉಬ್ಬಿದ ಹೊಟ್ಟೆಯ ಕಡೆಗೆ ಎಲ್ಲರ ಕಣ್ಣೂ ಹೋಗುತ್ತದೆ; ಅದಕ್ಕೆ ಮಾತ್ರೆಯುಂಟು, ಸೂಜಿ ಚುಚ್ಚಿ ನೀರು ತೆಗೆಯುವ ಉಪಾಯವುಂಟು. ಸೊರಗಿದ ತೋಳನ್ನು ಮಾತ್ರ ‘ಕಾಯಿಲೆ ಎಂದಮೇಲೆ ಸೊರಗದೆ ಇರುತ್ತದೆಯೆ?’ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಹಾಗೆ ಬಿಡುವುದು ಎಷ್ಟು ದೊಡ್ಡ ಪ್ರಮಾದವೆಂಬುದನ್ನೂ, ಆ ಪ್ರಮಾದದಲ್ಲಿ ವೈದ್ಯಶಾಸ್ತ್ರದ ಪಾಲು ಎಷ್ಟು, ನಮ್ಮ ಮನೆಗಳ ಅಡುಗೆಮನೆಯ ಪಾಲು ಎಷ್ಟು ಎಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ರೋಗದ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ವರ್ಷಾನುಗಟ್ಟಲೆಯ ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳ ದೀರ್ಘಕಾಲದ ಸೋಂಕು, ಬೊಜ್ಜು ಹಾಗೂ ಸಕ್ಕರೆ ಕಾಯಿಲೆಗಳ ಬೆನ್ನಿಗೆ ಬರುವ ಕೊಬ್ಬಿನ ಶೇಖರಣೆ ಮೊದಲಾದ ಕಾರಣಗಳಿಂದ ಯಕೃತ್ತು ಮತ್ತೆ ಮತ್ತೆ ಗಾಯಗೊಂಡು, ಮತ್ತೆ ಮತ್ತೆ ಮಾಯುತ್ತಾ, ಮಾಯ್ದಲ್ಲೆಲ್ಲ ನಾರಿನಂಥ ಕಲೆಯನ್ನು ಉಳಿಸಿಕೊಂಡು, ಕಡೆಗೆ ಮೃದುವಾದ ಆ ಅಂಗವು ಗಂಟುಗಂಟಾಗಿ ಗಡಸಾಗುವುದೇ ಸಿರೋಸಿಸ್. ಹೀಗಾದ ಯಕೃತ್ತಿನೊಳಗೆ ರಕ್ತವು ಸರಾಗವಾಗಿ ಹರಿಯದು. ಕರುಳಿನಿಂದ ರಕ್ತವನ್ನು ಹೊತ್ತು ತರುವ ಪೋರ್ಟಲ್ ಸಿರೆಯಲ್ಲಿ ಒತ್ತಡವೇರುತ್ತದೆ. ಉಳಿದ ಉಪದ್ರವಗಳಲ್ಲಿ ಹಲವು ಈ ಒತ್ತಡದ ಸಂತಾನ. ಅನ್ನನಾಳದ ತಳದ ಸಿರೆಗಳು ಉಬ್ಬಿ ಒಡೆದು ರಕ್ತವಾಂತಿಯಾಗುವುದು, ಉದರದಲ್ಲಿ ನೀರು ತುಂಬಿ ಜಲೋದರವಾಗುವುದು, ಆ ನೀರಿಗೆ ಸೋಂಕು ತಗಲುವುದು, ಮೂತ್ರಪಿಂಡಗಳು ಸೋಲುವುದು ಇವೆಲ್ಲವೂ ಭಯಂಕರವಾದುವೇ. ಇವುಗಳ ಜೊತೆಗೆ, ಯಕೃತ್ತು ಶೋಧಿಸಿ ಕಳೆಯಬೇಕಾಗಿದ್ದ ಅಮೋನಿಯಾ ಮೊದಲಾದ ಕಲ್ಮಷಗಳು ರಕ್ತದಲ್ಲಿ ಉಳಿದು ಮಿದುಳಿಗೆ ಮಂಕು ಕವಿಯಿಸುತ್ತವೆ: ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ, ಕೈ ಚಾಚೆಂದರೆ ಅಂಗೈ ತಾನೇ ತಾನಾಗಿ ಬಡಿದುಕೊಳ್ಳುವುದು, ಬಲ್ಲವರ ಹೆಸರು ನಾಲಗೆಗೆ ಬಾರದಿರುವುದು, ಉಲ್ಬಣಿಸಿದರೆ ಪ್ರಜ್ಞೆಯೇ ತಪ್ಪುವುದು. ಈ ಉಪದ್ರವಗಳೆಲ್ಲ ಒಂದು ದಿನ ತಟ್ಟನೆ ಬಂದು ಮನೆಯನ್ನು ನಡುಗಿಸುತ್ತವೆ. ಸ್ನಾಯುಕ್ಷಯ ಹಾಗಲ್ಲ, ಅದು ಸದ್ದು ಮಾಡದೆ, ಜ್ವರ ನೋವುಗಳ ಸುಳಿವು ಕೊಡದೆ, ತಿಂಗಳುಗಳ ಪರ್ಯಂತ ನಡೆಯುತ್ತಿರುತ್ತದೆ. ವೈದ್ಯರು ಇದನ್ನು ಸಾರ್ಕೋಪೀನಿಯಾ ಎಂದು ಕರೆಯುತ್ತಾರೆ.

ಇದನ್ನು ಹಿಂದಿನವರು ಕಂಡಿರಲಿಲ್ಲವೆಂದಲ್ಲ. 1964ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯರಾದ ಚೈಲ್ಡ್ ಮತ್ತು ಟರ್ಕಾಟ್ ಎಂಬವರು, ಸಿರೋಸಿಸ್ ರೋಗಿಗಳಲ್ಲಿ ಯಾರು ಶಸ್ತ್ರಕ್ರಿಯೆಯನ್ನು ತಾಳಿಕೊಂಡಾರು, ಯಾರು ತಾಳಲಾರರು ಎಂಬುದನ್ನು ಮುಂಚಿತವಾಗಿ ಅಳೆಯುವುದಕ್ಕೆ ಐದು ಲಕ್ಷಣಗಳ ಮಾನದಂಡವೊಂದನ್ನು ರಚಿಸಿದರು. ರಕ್ತದಲ್ಲಿನ ಬಿಲಿರುಬಿನ್, ಆಲ್ಬುಮಿನ್, ಜಲೋದರ, ಮಿದುಳಿನ ಮಂಕು ಈ ನಾಲ್ಕರ ಜೊತೆಗೆ ಐದನೆಯದಾಗಿ ಅವರು ಲೆಕ್ಕಕ್ಕೆ ಹಿಡಿದದ್ದು ರೋಗಿಯ ಪೋಷಣೆಯ ಸ್ಥಿತಿಯನ್ನು, ಎಂದರೆ ಮೈಯ ಮಾಂಸ ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು. ಹಾಸಿಗೆಯ ಪಕ್ಕದಲ್ಲಿ ನಿಂತು ರೋಗಿಯನ್ನು ಕಣ್ಣಾರೆ ನೋಡಿದವರ ವಿವೇಕ ಅದು. ಒಂಬತ್ತು ವರ್ಷಗಳ ತರುವಾಯ, 1973ರಲ್ಲಿ, ಲಂಡನ್ನಿನ ಪ್ಯೂ ಮತ್ತು ಅವರ ಸಂಗಡಿಗರು ಈ ಮಾನದಂಡವನ್ನು ತಿದ್ದಿದರು. ಪೋಷಣೆಯ ಸ್ಥಿತಿಯನ್ನು ಒಬ್ಬ ವೈದ್ಯ ಉತ್ತಮವೆಂದರೆ ಇನ್ನೊಬ್ಬ ಮಧ್ಯಮವೆಂದಾನು. ಅದಕ್ಕೆ ಅಂಕೆಯ ನಿಖರತೆ ಇಲ್ಲ. ಆದಕಾರಣ ಅದನ್ನು ತೆಗೆದು, ಅದರ ಸ್ಥಾನದಲ್ಲಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಸೇರಿಸಿದರು. ಚೈಲ್ಡ್–ಪ್ಯೂ ಮಾನದಂಡವೆಂಬ ಹೆಸರಿನಿಂದ ಅದು ಇಂದಿಗೂ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿದೆ. ಶತಮಾನದ ಕೊನೆಗೆ ಮೇಯೋ ಕ್ಲಿನಿಕ್ಕಿನ ಮೈಕೆಲ್ ಮಲಿಂಚಾಕ್, ಪ್ಯಾಟ್ರಿಕ್ ಕಾಮತ್ ಮೊದಲಾದವರು ರೂಪಿಸಿದ, 2002ರಿಂದ ಅಮೆರಿಕದಲ್ಲಿ ಯಾರಿಗೆ ಮೊದಲು ಯಕೃತ್ತಿನ ಕಸಿ ಎಂಬುದನ್ನು ನಿರ್ಣಯಿಸುವ ಆಧಾರವಾದ ‘ಮೆಲ್ಡ್’ ಅಂಕಕ್ಕಂತೂ ಪ್ರಯೋಗಾಲಯದ ಮೂರು ಸಂಖ್ಯೆಗಳೇ ಸಾಕಾಗಿದ್ದವು: ಬಿಲಿರುಬಿನ್, ಕ್ರಿಯಾಟಿನಿನ್, ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಐಎನ್‌ಆರ್.

ಈ ತಿದ್ದುಪಡಿಗಳನ್ನು ನಾನು ಹಳಿಯಲಾರೆ. ಅಳೆಯಬಹುದಾದುದನ್ನು ಅಳೆದು, ವೈದ್ಯನ ಮರ್ಜಿಗೆ ಎಡೆಯಿಲ್ಲದಂತೆ ಮಾಡುವುದು ನ್ಯಾಯದ ಮಾರ್ಗ. ಒಂದು ಯಕೃತ್ತಿಗಾಗಿ ಹತ್ತು ಮಂದಿ ಕಾದಿರುವಲ್ಲಿ ಆ ನ್ಯಾಯ ಅತ್ಯವಶ್ಯಕ. ಆದರೆ ಅಳೆಯಲು ಕಷ್ಟವಾದದ್ದನ್ನು ಅಳೆಯುವ ಬೇರೊಂದು ಉಪಾಯವನ್ನು ಹುಡುಕುವ ಬದಲು ಅದನ್ನು ಲೆಕ್ಕದಿಂದಲೇ ಬಿಟ್ಟದ್ದರ ಫಲವಾಗಿ, ಸುಮಾರು ನಾಲ್ಕು ದಶಕಗಳ ಕಾಲ ರೋಗಿಯ ಮಾಂಸಖಂಡಗಳು ವೈದ್ಯರ ಟಿಪ್ಪಣಿಯ ಹಾಳೆಯಿಂದ ಬಹುಮಟ್ಟಿಗೆ ಮರೆಯಾದವು. ಲೆಕ್ಕದಲ್ಲಿ ಇಲ್ಲದ್ದಕ್ಕೆ ಚಿಕಿತ್ಸೆಯೂ ಇರುವುದಿಲ್ಲ.

ಮತ್ತೆ ಅದನ್ನು ಲೆಕ್ಕಕ್ಕೆ ತಂದದ್ದು ಸಿ.ಟಿ. ಸ್ಕ್ಯಾನ್. ಕಸಿಗಾಗಿ ಬರುವ ರೋಗಿಗಳಿಗೆ, ಯಕೃತ್ತಿನಲ್ಲಿ ಗೆಡ್ಡೆಯಿದೆಯೆ ಎಂದು ನೋಡುವುದಕ್ಕಾಗಿಯೋ ರಕ್ತನಾಳಗಳ ವಿನ್ಯಾಸವನ್ನು ತಿಳಿಯುವುದಕ್ಕಾಗಿಯೋ, ಹೇಗಿದ್ದರೂ ಉದರದ ಸ್ಕ್ಯಾನ್ ಆಗಿಯೇ ಇರುತ್ತದೆ. ಆ ಚಿತ್ರಗಳಲ್ಲಿ ಸೊಂಟದ ಮೂರನೆಯ ಕಶೇರುಕದ ಮಟ್ಟಕ್ಕೆ ಸರಿಯಾಗಿ ಬರುವ ಒಂದು ಅಡ್ಡಕೊಯ್ತವನ್ನು ಆರಿಸಿಕೊಂಡು, ಅದರಲ್ಲಿ ಕಾಣುವ ಬೆನ್ನಿನ, ಸೊಂಟದ ಹಾಗೂ ಹೊಟ್ಟೆಯ ಗೋಡೆಯ ಸ್ನಾಯುಗಳ ಒಟ್ಟು ವಿಸ್ತೀರ್ಣವನ್ನು ಚದರ ಸೆಂಟಿಮೀಟರುಗಳಲ್ಲಿ ಅಳೆದು, ಅದನ್ನು ರೋಗಿಯ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯು ಇಡೀ ಮೈಯ ಸ್ನಾಯುಸಂಪತ್ತಿಗೆ ಸಾಕಷ್ಟು ನಿಷ್ಠವಾದ ಸೂಚಿಯೆಂದು ಕಂಡುಬಂದಿತು. ಕೆನಡಾದ ಎಡ್ಮಂಟನ್ ನಗರದಲ್ಲಿರುವ ಆಲ್ಬರ್ಟಾ ವಿಶ್ವವಿದ್ಯಾಲಯದ ಆಲ್ಡೊ ಮೊಂಟಾನೊ-ಲೋಜಾ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಸಿಯ ಪರಿಶೀಲನೆಗೆಂದು ಬಂದ 112 ರೋಗಿಗಳ ಪೈಕಿ ನೂರಕ್ಕೆ 40 ಮಂದಿಯಲ್ಲಿ ಸ್ನಾಯುಕ್ಷಯವಿತ್ತು. ಸ್ನಾಯು ಉಳಿದಿದ್ದವರ ಮಧ್ಯಮ ಆಯುಷ್ಯ 34 ತಿಂಗಳುಗಳಾಗಿದ್ದರೆ, ಕ್ಷಯಿಸಿದವರದು 19 ತಿಂಗಳುಗಳು. ರೋಗ ಒಂದೇ, ಆಸ್ಪತ್ರೆ ಒಂದೇ. ಅದೇ ತಂಡದವರು ಮುಂದೆ ಮೆಲ್ಡ್ ಅಂಕಕ್ಕೆ ಸ್ನಾಯುಕ್ಷಯವನ್ನೂ ಸೇರಿಸಿ ಗಣಿಸಿದಾಗ, ಅದೊಂದೇ ಸುಮಾರು ಹತ್ತು ಅಂಕಗಳಷ್ಟು ಭಾರವುಳ್ಳದ್ದಾಗಿ ತೋರಿತು. ಹತ್ತು ಅಂಕಗಳೆಂದರೆ ಕಸಿಯ ಪಟ್ಟಿಯಲ್ಲಿ ಹಿಂದೆಲ್ಲೋ ಇರುವ ಹೆಸರು ಬಹಳ ಮುಂದಕ್ಕೆ ಬರುವಷ್ಟು ಅಂತರ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಉತ್ತರ ಅಮೆರಿಕದ ಐದು ಕಸಿಕೇಂದ್ರಗಳ ಅಧ್ಯಯನದ ಮೇಲೆ 2017ರಲ್ಲಿ ಗೊತ್ತುಮಾಡಿದ ಗಡಿ, ಗಂಡಸರಿಗೆ ಚದರ ಮೀಟರಿಗೆ 50, ಹೆಂಗಸರಿಗೆ 39 ಚದರ ಸೆಂಟಿಮೀಟರುಗಳು. ಭಾರತೀಯರ ಮೈಕಟ್ಟಿಗೆ ಈ ಗಡಿಯನ್ನು ಹಾಗೆಯೇ ಹಚ್ಚಿದರೆ, ಆರೋಗ್ಯವಂತರಲ್ಲಿಯೂ ಬಹುಮಂದಿ ರೋಗಿಗಳೆನಿಸಿಕೊಂಡಾರು. ನಮ್ಮವರ ಅಳತೆಗೆ ತಕ್ಕ ಗಡಿಯನ್ನು ನಮ್ಮವರಿಂದಲೇ ಕಂಡುಕೊಳ್ಳಬೇಕೆಂದು ದೆಹಲಿಯ ಯಕೃತ್ ಸಂಸ್ಥೆಯೇ ಮೊದಲಾದ ಕಡೆ ಸಂಶೋಧನೆ ನಡೆದಿದೆ. ಅಲ್ಲಿ ಕಂಡುಬಂದ ಸಂಖ್ಯೆಗಳು ಪಾಶ್ಚಾತ್ಯ ಸಂಖ್ಯೆಗಳಿಗಿಂತ ಸಾಕಷ್ಟು ಕೆಳಗಿವೆ.

ಯಕೃತ್ತು ಕೆಟ್ಟರೆ ತೋಳು ತೊಡೆಗಳು ಕರಗಬೇಕೇಕೆ? ಈ ಪ್ರಶ್ನೆಗೆ ದೊರೆತಿರುವ ಉತ್ತರಗಳು ನನಗೆ ಈ ವಿಷಯದ ಅತ್ಯಂತ ಸ್ವಾರಸ್ಯಕರವಾದ ಭಾಗವೆಂದು ತೋರಿವೆ. ಆರೋಗ್ಯವಂತನು ರಾತ್ರಿ ಎಂಟಕ್ಕೆ ಉಂಡು ಮಲಗಿ ಬೆಳಗ್ಗೆ ಎಂಟಕ್ಕೆ ತಿಂಡಿ ತಿನ್ನುವವರೆಗಿನ ಹನ್ನೆರಡು ಗಂಟೆಗಳ ಕಾಲ ಅವನ ಮಿದುಳಿಗೂ ರಕ್ತಕಣಗಳಿಗೂ ಬೇಕಾದ ಸಕ್ಕರೆಯನ್ನು ಒದಗಿಸುವುದು ಯಕೃತ್ತು. ಹಗಲಿನ ಊಟದ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಂಡು ರಾತ್ರಿ ಅದನ್ನು ಮಿತವಾಗಿ ಬಿಡುವುದು ಅದರ ನಿತ್ಯಕರ್ಮ. ಸಿರೋಸಿಸ್ ಆದ ಯಕೃತ್ತಿಗೆ ಕೂಡಿಡುವ ಶಕ್ತಿ ಕುಗ್ಗಿರುತ್ತದೆ. ನಡುರಾತ್ರಿಗೆ ಮೊದಲೇ ಸಂಗ್ರಹ ಬರಿದಾಗುತ್ತದೆ. ಆಗ ಕಟ್ಟಿಗೆ ತೀರಿದ ಮನೆಯವನು ತೊಲೆ ಜಂತೆಗಳನ್ನೇ ಕಿತ್ತು ಒಲೆಗಿಡುವಂತೆ, ದೇಹವು ತನ್ನ ಕೊಬ್ಬನ್ನೂ ಸ್ನಾಯುಗಳ ಪ್ರೋಟೀನನ್ನೂ ಒಡೆದು ಬೆಳಗಿನವರೆಗೆ ದೂಡುತ್ತದೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಆಲಿವರ್ ಓವೆನ್ ಎಂಬ ವೈದ್ಯವಿಜ್ಞಾನಿಯೂ ಅವರ ತಂಡದವರೂ 1983ರಲ್ಲಿ ತೋರಿಸಿದ ಸಂಗತಿ ಇದು: ಮದ್ಯಪಾನದಿಂದ ಸಿರೋಸಿಸ್ ಆದ ರೋಗಿಯು ಒಂದು ರಾತ್ರಿ ಉಪವಾಸವಿದ್ದರೆ ಅವನ ದೇಹದಲ್ಲಿ ಇಂಧನದ ಬಳಕೆ ಯಾವ ಸ್ಥಿತಿಗೆ ತಲುಪುತ್ತದೆಯೋ, ಆ ಸ್ಥಿತಿಗೆ ಆರೋಗ್ಯವಂತನು ತಲುಪಬೇಕಾದರೆ ಎರಡು ಮೂರು ದಿನ ಅನ್ನ ಬಿಟ್ಟಿರಬೇಕು. ಹಾಗಾದರೆ ಈ ರೋಗಿಯು ದಿನವೂ ರಾತ್ರಿ ಎರಡು ಮೂರು ದಿನಗಳ ನಿರಾಹಾರದ ಫಲವನ್ನು ಅನುಭವಿಸುತ್ತಿದ್ದಾನೆ. ಮನೆಯವರೆಲ್ಲ ನಿದ್ರಿಸುತ್ತಿರುವಾಗ ಅವನ ತೊಡೆಯ ಮಾಂಸ ಕರಗುತ್ತಿದೆ.

ಎರಡನೆಯ ಕಾರಣ ಅಮೋನಿಯಾ. ಯಕೃತ್ತು ಅಮೋನಿಯಾವನ್ನು ಯೂರಿಯಾ ಆಗಿ ಮಾರ್ಪಡಿಸಲಾರದೆ ಹೋದಾಗ, ಆ ಕೆಲಸವನ್ನು ತಕ್ಕಮಟ್ಟಿಗೆ ವಹಿಸಿಕೊಳ್ಳುವುದು ಸ್ನಾಯುಗಳೇ. ಅವು ಅಮೋನಿಯಾವನ್ನು ಹೀರಿಕೊಂಡು ಗ್ಲುಟಮೈನ್ ಆಗಿ ಕಟ್ಟುತ್ತವೆ. ಸಿರೋಸಿಸ್ ರೋಗಿಗೆ ಮಾಂಸಖಂಡವು ಎರಡನೆಯ ಯಕೃತ್ತು ಎಂದರೆ ಅತಿಶಯೋಕ್ತಿಯಾಗದು. ಆದರೆ ಈ ಉಪಕಾರಕ್ಕೆ ಸ್ನಾಯು ತೆರುವ ಬೆಲೆ ದೊಡ್ಡದು. ಅಮೋನಿಯಾವನ್ನು ಕಟ್ಟುವುದರಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಕವಲುಸರಣಿಯ ಅಮೈನೊ ಆಮ್ಲಗಳು ವ್ಯಯವಾಗುತ್ತವೆ. ಹೊಸ ಸ್ನಾಯುವನ್ನು ಕಟ್ಟಲು ಬೇಕಾದುವೂ ಅವೇ. ಅಷ್ಟೇ ಅಲ್ಲದೆ, ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟ್ಯಾಟಿನ್ ಎಂಬ ಪ್ರೋಟೀನಿನ ಉತ್ಪತ್ತಿಯನ್ನು ಅಮೋನಿಯಾವೇ ಹೆಚ್ಚಿಸುತ್ತದೆಂಬುದನ್ನು ಕ್ಲೀವ್‌ಲ್ಯಾಂಡಿನ ಶ್ರೀನಿವಾಸನ್ ದಾಸರಥಿ ಅವರ ಪ್ರಯೋಗಾಲಯವು 2013ರಲ್ಲಿ ತೋರಿಸಿಕೊಟ್ಟಿತು. ಅಮೋನಿಯಾ ಹೆಚ್ಚಿದಂತೆ ಸ್ನಾಯು ಕ್ಷಯಿಸುತ್ತದೆ; ಸ್ನಾಯು ಕ್ಷಯಿಸಿದಂತೆ ಅಮೋನಿಯಾವನ್ನು ಹೀರುವವರಿಲ್ಲದೆ ಅದು ಇನ್ನೂ ಹೆಚ್ಚುತ್ತದೆ; ಹೆಚ್ಚಿದ್ದು ಮಿದುಳಿಗೆ ಏರುತ್ತದೆ. ಮೈ ಸೊರಗಿದ ರೋಗಿಗಳಲ್ಲಿ ಮಿದುಳಿನ ಮಂಕು ಹೆಚ್ಚಾಗಿ ಕಂಡುಬರುವುದರ ಗುಟ್ಟು ಇಲ್ಲಿದೆ. ಸೋಂಕುಗಳು ಅವರನ್ನು ಬೇಗ ಮುರಿಯುತ್ತವೆ. ಕಾಲಲ್ಲಿ ಬಲವಿಲ್ಲದೆ ಬಿದ್ದು ಎಲುಬು ಮುರಿದುಕೊಳ್ಳುವವರೂ ಉಂಟು. ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಕುಸಿಯುವುದು, ನೀರು ತುಂಬಿದ ಹೊಟ್ಟೆ ಜಠರವನ್ನು ಒತ್ತುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಬಾಯಿರುಚಿ ಕೆಡುವುದು ಇವೂ ತಂತಮ್ಮ ಪಾಲನ್ನು ಸೇರಿಸುತ್ತವೆ.

ಹೀಗಿರುವಲ್ಲಿ ರೋಗಿಗೆ ಹೆಚ್ಚು ಪ್ರೋಟೀನು ಬೇಕೆಂಬುದು ಸ್ವತಃಸಿದ್ಧವಲ್ಲವೆ? ಆದರೂ ಅರ್ಧ ಶತಮಾನದ ಕಾಲ ವೈದ್ಯರು ಇದಕ್ಕೆ ತೀರ ವಿರುದ್ಧವಾದ ಉಪದೇಶವನ್ನು ಮಾಡುತ್ತಾ ಬಂದರು. ಅದಕ್ಕೂ ಒಂದು ಇತಿಹಾಸವಿದೆ. 1877ರಲ್ಲಿ ರಷ್ಯದ ಸೈನ್ಯವೈದ್ಯ ನಿಕೊಲಾಯ್ ಎಕ್ ಎಂಬಾತನು ನಾಯಿಗಳಲ್ಲಿ, ಕರುಳಿನ ರಕ್ತವು ಯಕೃತ್ತನ್ನು ಹೊಗದೆ ನೇರವಾಗಿ ಮಹಾಸಿರೆಗೆ ಸೇರುವಂತೆ ಶಸ್ತ್ರಕ್ರಿಯೆ ಮಾಡಿದನು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇವಾನ್ ಪಾವ್ಲೊವ್ ಮತ್ತು ಅವನ ಸಹೋದ್ಯೋಗಿಗಳು ಅದೇ ಶಸ್ತ್ರಕ್ರಿಯೆಯನ್ನು ಮುಂದುವರಿಸಿ, ಅಂಥ ನಾಯಿಗಳಿಗೆ ಮಾಂಸವನ್ನು ತಿನ್ನಿಸಿದಾಗ ಅವು ಕೆರಳಿ, ತತ್ತರಿಸಿ, ಸೆಳೆವು ಬಂದು ಬೀಳುವುದನ್ನು ಕಂಡು 1893ರಲ್ಲಿ ವರದಿ ಮಾಡಿದರು. 1950ರ ದಶಕದಲ್ಲಿ ಬಾಸ್ಟನ್ ಹಾಗೂ ಲಂಡನ್ನಿನ ವೈದ್ಯರು ಸಿರೋಸಿಸ್ ರೋಗಿಗಳ ಮಂಕಿಗೂ ಕರುಳಿನಲ್ಲಿ ಸಾರಜನಕ ಪದಾರ್ಥಗಳಿಂದ ಹುಟ್ಟುವ ವಿಷಕ್ಕೂ ಸಂಬಂಧವನ್ನು ಸ್ಥಾಪಿಸಿದ ಮೇಲೆ, ಮಂಕು ಕವಿದ ರೋಗಿಗೆ ಪ್ರೋಟೀನನ್ನು ಪೂರ್ತಿ ನಿಲ್ಲಿಸಿ, ಆಮೇಲೆ ಅಲ್ಪಸ್ವಲ್ಪವಾಗಿ ಏರಿಸಬೇಕೆಂಬುದು ಪಾಠವಾಗಿ, ಪಾಠವು ಪದ್ಧತಿಯಾಗಿ, ಪದ್ಧತಿಯು ಪ್ರಶ್ನಿಸಲಾಗದ ನಿಯಮವಾಯಿತು. ಕರುಳಿನ ವಿಷವೆಂಬುದು ನಿಜ. ಆದರೆ ತಟ್ಟೆಯಿಂದ ತೆಗೆದ ಪ್ರೋಟೀನಿನ ಬದಲಿಗೆ ದೇಹವು ತನ್ನ ಸ್ನಾಯುವನ್ನೇ ಒಡೆದುಕೊಂಡರೆ ಅದರಿಂದಲೂ ಅಮೋನಿಯಾ ಹುಟ್ಟುತ್ತದೆಂಬುದನ್ನು ಯಾರೂ ಸಾಕಷ್ಟು ಗಮನಿಸಲಿಲ್ಲ.

ಆ ನಿಯಮವನ್ನು ಪರೀಕ್ಷೆಗೆ ಒಡ್ಡಿದ್ದು ಬಾರ್ಸಿಲೋನಾದ ಹುವಾನ್ ಕೋರ್ಡೊಬಾ ಮತ್ತು ಅವರ ಸಂಗಡಿಗರು. ಮಂಕು ಕವಿದು ಆಸ್ಪತ್ರೆಗೆ ಸೇರಿದ 30 ಮಂದಿಯನ್ನು ಎರಡು ಗುಂಪಾಗಿ ಮಾಡಿ, ಒಂದಕ್ಕೆ ಹಳೆಯ ಪದ್ಧತಿಯಂತೆ ಪ್ರೋಟೀನನ್ನು ಮೊದಲು ತಡೆದು ಬಳಿಕ ಮೆಲ್ಲನೆ ಏರಿಸುತ್ತಾ, ಇನ್ನೊಂದಕ್ಕೆ ಮೊದಲ ದಿನದಿಂದಲೇ ಸಹಜ ಪ್ರಮಾಣದಲ್ಲಿ ಕೊಟ್ಟು ನೋಡಿ, 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರೋಟೀನು ತಿಂದವರ ಮಂಕು ಹೆಚ್ಚಲಿಲ್ಲ. ತಡೆಹಿಡಿದವರಿಗೆ ಮಂಕು ಬೇಗ ಇಳಿಯಲೂ ಇಲ್ಲ. ಮೈಯ ಪ್ರೋಟೀನು ಒಡೆಯುವುದು ಮಾತ್ರ ತಡೆಹಿಡಿದವರಲ್ಲಿ ಹೆಚ್ಚಾಗಿತ್ತು. ಚಿಕ್ಕ ಪ್ರಯೋಗವೇ ಹೌದು. ಆದರೆ ಅದರ ತರುವಾಯ ಬಂದ ಅನುಭವವೂ ಅದನ್ನೇ ಪುಷ್ಟೀಕರಿಸಿದ್ದರಿಂದ, ಯೂರೋಪು ಅಮೆರಿಕಗಳ ಯಕೃತ್ ವೈದ್ಯರ ಸಂಘಗಳು ಇಂದು ನೀಡುವ ಸಲಹೆ ಸ್ಪಷ್ಟವಾಗಿದೆ: ಸಿರೋಸಿಸ್ ರೋಗಿಗೆ, ಮಂಕು ಇದ್ದರೂ ಸಹ, ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಸಿಗಬೇಕು. ಬೊಜ್ಜಿಲ್ಲದವರಿಗೆ ಕಿಲೋ ಒಂದಕ್ಕೆ ಸುಮಾರು 35 ಕ್ಯಾಲೊರಿ ಶಕ್ತಿಯೂ ಬೇಕು. ತೂಕವೆಂದರೆ ನೀರಿನ ಭಾರವನ್ನು ಕಳೆದು ಉಳಿದ ತೂಕ.

ಪುಸ್ತಕ ಬದಲಾಯಿತು, ಮನೆಗಳು ಬದಲಾಗಿಲ್ಲ. ಕಾಮಾಲೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ನಾಡಿನಲ್ಲಿ ಎಣ್ಣೆ, ತುಪ್ಪ, ಬೇಳೆ, ಮೊಟ್ಟೆ, ಮಾಂಸ ಎಲ್ಲವೂ ಅಡುಗೆಮನೆಯಿಂದ ಹೊರಗೆ. ನಾಟಿ ಔಷಧಿ ಕೊಡುವವರು ಹೇಳುವ ಪಥ್ಯವೂ ಹೆಚ್ಚುಕಡಮೆ ಇದೇ. ಅಕ್ಕಿ ಗಂಜಿ, ನೀರು ಮಜ್ಜಿಗೆ, ಕಬ್ಬಿನ ಹಾಲು, ಎಳನೀರು ಇವುಗಳ ಮೇಲೆ ರೋಗಿಯನ್ನು ತಿಂಗಳುಗಟ್ಟಲೆ ಇಡುತ್ತಾರೆ. ಎರಡು ಮೂರು ವಾರಗಳಲ್ಲಿ ತಾನಾಗಿ ಇಳಿಯುವ ಎಳೆಯರ ಕಾಮಾಲೆಯಲ್ಲಿ ಈ ಪಥ್ಯದಿಂದ ಅಂಥ ಹಾನಿಯಾಗದೆ ಹೋಗಬಹುದು; ಜ್ವರದಿಂದೆದ್ದ ಎಳೆಯನು ಮತ್ತೆ ಉಂಡು ಮೈ ತುಂಬಿಕೊಳ್ಳುತ್ತಾನೆ. ಸಿರೋಸಿಸ್ ರೋಗಿಗೆ ಕಳೆದ ಮಾಂಸವನ್ನು ಮರಳಿ ಗಳಿಸುವ ಅಂಥ ಅವಕಾಶವಿಲ್ಲ. ಗಂಜಿಯೊಂದರ ಮೇಲೆ ಅವನನ್ನಿಡುವ ತಾಯಿಯೋ ಹೆಂಡತಿಯೋ ಪ್ರೀತಿಯಿಂದಲೇ, ಭಯಭಕ್ತಿಯಿಂದಲೇ ಅದನ್ನು ಮಾಡುತ್ತಾಳೆ. ಹಾಗೆಂದೇ ಇದನ್ನು ಕಂಡಾಗ ಮನಸ್ಸು ಹೆಚ್ಚು ನೋಯುತ್ತದೆ.

ಉಪ್ಪಿನ ವಿಷಯವೂ ಇದರೊಡನೆ ಸೇರಿದೆ. ಜಲೋದರವಿರುವವರು ಉಪ್ಪನ್ನು ಕಡಮೆ ಮಾಡಬೇಕೆಂಬುದು ಸರಿಯಾದ ಸಲಹೆ: ದಿನಕ್ಕೆ ಒಟ್ಟು ಐದು ಗ್ರಾಂ, ಎಂದರೆ ಒಂದು ಚಿಕ್ಕ ಚಮಚೆಯಷ್ಟು, ಸಾಕು; ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಖಾರದ ತಿಂಡಿಗಳನ್ನು ಬಿಡಬೇಕು. ಆದರೆ ಉಪ್ಪನ್ನು ಮುಟ್ಟಲೇ ಬಾರದೆಂದು ಸಪ್ಪೆ ಅನ್ನವನ್ನು ಮುಂದಿಟ್ಟರೆ, ಮೊದಲೇ ಹಸಿವಿಲ್ಲದ ರೋಗಿ ಎರಡು ತುತ್ತಿಗೆ ತಟ್ಟೆಯನ್ನು ಸರಿಸುತ್ತಾನೆ. ನೀರು ಇಳಿಯಿತೆಂದು ಸಂತೋಷಪಡುವಷ್ಟರಲ್ಲಿ ಮೈ ಕರಗಿರುತ್ತದೆ. ನಿಂಬೆಹುಳಿ, ಶುಂಠಿ, ಕೊತ್ತಂಬರಿ, ಕರಿಬೇವು, ಮೆಣಸು ಇವುಗಳಿಂದ ರುಚಿಯನ್ನು ಕಾಪಾಡಿ ಊಟವನ್ನು ಉಳಿಸಿಕೊಳ್ಳುವುದು ಇಲ್ಲಿ ಔಷಧಕ್ಕೆ ಸಮಾನವಾದ ಕೆಲಸ.

ಆಸ್ಪತ್ರೆಗಳೂ ಈ ದೋಷದಿಂದ ಮುಕ್ತವಲ್ಲ. ನಾಳೆ ಎಂಡೋಸ್ಕೋಪಿ ಎಂದು ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿರಿಸಿದ ರೋಗಿಯ ಸರದಿ ಮಧ್ಯಾಹ್ನಕ್ಕೆ ಹೋಗಿ, ಅಲ್ಲಿಂದ ಮರುದಿನಕ್ಕೆ ಮುಂದೂಡಲ್ಪಟ್ಟು, ಎರಡನೆಯ ರಾತ್ರಿಯೂ ‘ಬಾಯಿಗೆ ಏನೂ ಕೊಡಬೇಡಿ’ ಎಂಬ ಚೀಟಿ ಮಂಚಕ್ಕೆ ತೂಗುವುದನ್ನು ವಾರ್ಡುಗಳಲ್ಲಿ ಓಡಾಡಿದವರೆಲ್ಲ ಬಲ್ಲರು. ಬೇರೆ ರೋಗಿಗೆ ಅದು ಕಿರುಕುಳ. ಈ ರೋಗಿಗೆ ಅದು ಅಪಾಯ. ಸಂಕಷ್ಟಿ, ಏಕಾದಶಿ, ಶಿವರಾತ್ರಿಗಳ ಉಪವಾಸದ ಬಗ್ಗೆಯೂ ಇದೇ ಮಾತನ್ನು ಹೇಳಬೇಕಾಗಿದೆ; ವ್ರತದ ಫಲವನ್ನು ನಂಬುವವರು ರೋಗಿಯ ಪರವಾಗಿ ತಾವೇ ಅದನ್ನು ಆಚರಿಸಲಿ.

ರಾತ್ರಿಯ ಆಹಾರಕ್ಕೆ ವಿಶೇಷ ಮಹತ್ತ್ವವನ್ನು ಕೊಟ್ಟ ಪ್ರಯೋಗವೊಂದನ್ನು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಂಡ್ಸೆ ಪ್ಲ್ಯಾಂಕ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದರು. 103 ರೋಗಿಗಳಿಗೆ ದಿನಕ್ಕೆ 710 ಕ್ಯಾಲೊರಿಯ ಒಂದೇ ಬಗೆಯ ಪೂರಕ ಆಹಾರ; ಒಂದು ಗುಂಪಿಗೆ ಅದು ಹಗಲಿನಲ್ಲಿ, ಇನ್ನೊಂದಕ್ಕೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಏಳರೊಳಗೆ. ವರ್ಷ ಕಳೆಯುವ ಹೊತ್ತಿಗೆ ರಾತ್ರಿ ತಿಂದವರ ಮೈಯಲ್ಲಿ ಸುಮಾರು ಎರಡು ಕಿಲೋ ಮಾಂಸಕ್ಕೆ ಸಮನಾದ ಪ್ರೋಟೀನು ಕೂಡಿತ್ತು. ಹಗಲು ತಿಂದವರಲ್ಲಿ ಏನೂ ಕೂಡಿರಲಿಲ್ಲ. ಆಹಾರ ಅದೇ, ಪ್ರಮಾಣವೂ ಅದೇ. ಬೇರೆಯಾದದ್ದು ಗಡಿಯಾರದ ಮುಳ್ಳು ಮಾತ್ರ. ಇಷ್ಟು ಸುಲಭವಾದ, ಇಷ್ಟು ಅಗ್ಗವಾದ ಚಿಕಿತ್ಸೆ ಈ ರೋಗದಲ್ಲಿ ಬೇರೊಂದಿರಲಾರದೆಂದು ನನ್ನ ಎಣಿಕೆ.

ಸಸ್ಯಾಹಾರಿಗಳ ಮನೆಯಲ್ಲಿ ಇದು ಸಾಧ್ಯವೆ ಎಂಬ ಸಂದೇಹಕ್ಕೂ ಉತ್ತರವಿದೆ. ಅದು ನಮ್ಮ ದೇಶದಿಂದಲೇ ಬಂದಿದೆ. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ವೈದ್ಯರು, ಹೊರಗೆ ಕಾಣದಷ್ಟು ಸೂಕ್ಷ್ಮವಾದ ಮಂಕು ಇರುವ 120 ಸಿರೋಸಿಸ್ ರೋಗಿಗಳಲ್ಲಿ ಅರ್ಧ ಮಂದಿಗೆ ಆರು ತಿಂಗಳ ಕಾಲ ಸಸ್ಯಮೂಲದ ಪ್ರೋಟೀನನ್ನು ಕಿಲೋಗೆ 1ರಿಂದ 1.5 ಗ್ರಾಂ ಪ್ರಮಾಣದಲ್ಲಿ, ಸಾಕಷ್ಟು ಕ್ಯಾಲೊರಿಗಳ ಸಹಿತ ಕೊಟ್ಟು, ಉಳಿದವರನ್ನು ತಮ್ಮ ಎಂದಿನ ಊಟದಲ್ಲಿಯೇ ಬಿಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಚೆನ್ನಾಗಿ ಉಂಡವರಲ್ಲಿ ನೂರಕ್ಕೆ 71 ಮಂದಿಯ ಮಂಕು ಹರಿಯಿತು. ಉಳಿದವರಲ್ಲಿ ನೂರಕ್ಕೆ ಸುಮಾರು 23 ಮಂದಿಯದು ಮಾತ್ರ. ಬೇಳೆಕಾಳುಗಳಲ್ಲಿನ ನಾರು ಕರುಳನ್ನು ಚುರುಕಾಗಿ ಶುದ್ಧಗೊಳಿಸುವುದರಿಂದ ಅಮೋನಿಯಾದ ಉತ್ಪತ್ತಿಯೂ ತಗ್ಗುತ್ತದೆ. ತೊಗರಿಬೇಳೆಯ, ಹುರುಳಿಯ ನೂರು ಗ್ರಾಮಿನಲ್ಲಿ 20 ಗ್ರಾಮಿಗೂ ಮೀರಿ, ಶೇಂಗಾದಲ್ಲಿ ಅದಕ್ಕಿಂತ ತುಸು ಹೆಚ್ಚಾಗಿ, ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನುಂಟು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಅರುವತ್ತು ಕಿಲೋ ತೂಕದವನಿಗೆ ಬೇಕಾದ 72ರಿಂದ 90 ಗ್ರಾಂ ಪ್ರೋಟೀನು ಗಟ್ಟಿ ಬೇಳೆ, ಮೊಳಕೆಕಾಳು, ಹಾಲು, ಮೊಸರು, ಒಗ್ಗುವವರಿಗೆ ಮೊಟ್ಟೆ ಮೀನುಗಳಿಂದ ಕೂಡಿಬರುವುದು ಅಸಾಧ್ಯವೇನಲ್ಲ. ತಿಳಿಸಾರು ಅನ್ನದಿಂದ ಮಾತ್ರ ಎಂದಿಗೂ ಕೂಡಿಬಾರದು.

ಊಟವೊಂದೇ ಸಾಲದೆಂಬುದನ್ನೂ ಹೇಳಬೇಕು. ಹಾಸಿಗೆಯಲ್ಲೇ ಬಿದ್ದಿರುವ ಸ್ನಾಯು ಎಷ್ಟು ತಿಂದರೂ ಬೆಳೆಯದು. ಸಾನ್‌ಫ್ರಾನ್ಸಿಸ್ಕೋದ ಜೆನಿಫರ್ ಲಾಯ್ ಅವರು ರೋಗಿಯ ದೌರ್ಬಲ್ಯವನ್ನು ಅಳೆಯುವುದಕ್ಕೆ 2017ರಲ್ಲಿ ಮೂರು ಸರಳ ಪರೀಕ್ಷೆಗಳ ಸೂಚಿಯೊಂದನ್ನು ರೂಪಿಸಿದರು: ಕೈಮುಷ್ಟಿಯ ಹಿಡಿತದ ಬಲ, ಮೂರು ಬಗೆಯಲ್ಲಿ ಪಾದಗಳನ್ನಿಟ್ಟು ಹತ್ತು ಹತ್ತು ಸೆಕೆಂಡು ಸಮತೋಲ ತಪ್ಪದೆ ನಿಲ್ಲುವುದು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಲ್ಲಿಯೂ ಊರದೆ, ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. ಹಿಡಿತವನ್ನು ಅಳೆಯುವ ಸಾಧನವೊಂದನ್ನುಳಿದು ಬೇರಾವ ಯಂತ್ರವೂ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇದನ್ನು ಮಾಡಬಹುದು. ಕುರ್ಚಿಯಿಂದ ಏಳುವುದನ್ನೇ ನಿತ್ಯದ ವ್ಯಾಯಾಮವನ್ನಾಗಿಯೂ ಇಟ್ಟುಕೊಳ್ಳಬಹುದು; ಅದರ ಜೊತೆಗೆ ಶಕ್ತಿಗೆ ತಕ್ಕ ನಡಿಗೆ. ಅನ್ನನಾಳದ ಸಿರೆಗಳು ಉಬ್ಬಿರುವವರು ಭಾರ ಎತ್ತುವ ಸಾಹಸವನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಕಸಿಯಾದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆ ಅನೇಕರಲ್ಲಿದೆ. ಹೊಸ ಯಕೃತ್ತು ಬಂದರೂ ಕಳೆದುಹೋದ ಸ್ನಾಯು ಎಷ್ಟೋ ಮಂದಿಯಲ್ಲಿ ಮರಳುವುದಿಲ್ಲವೆಂಬುದನ್ನು ಅನುಭವ ತೋರಿಸಿದೆ. ಸೊರಗಿದವರಲ್ಲಿ ಶಸ್ತ್ರಕ್ರಿಯೆಯ ಅನಂತರದ ಸೋಂಕುಗಳೂ ಆಸ್ಪತ್ರೆವಾಸವೂ ಹೆಚ್ಚು. ಮದ್ಯದಿಂದ ರೋಗ ಬಂದವರು ಮದ್ಯವನ್ನು ಸಂಪೂರ್ಣ ಬಿಡದೆ, ವೈರಾಣುವಿನಿಂದ ಬಂದವರು ಅದಕ್ಕೆ ಔಷಧ ತೆಗೆದುಕೊಳ್ಳದೆ, ಊಟ ವ್ಯಾಯಾಮಗಳಿಂದ ಮಾತ್ರ ಏನೂ ಸಾಧಿಸಲಾಗದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಕಿಗೆ ಕೊಡುವ ಲ್ಯಾಕ್ಟುಲೋಸ್ ಪಾನಕವನ್ನು ಭೇದಿಯ ಕಿರಿಕಿರಿಗೆ ಬೇಸತ್ತು ತಾವಾಗಿ ನಿಲ್ಲಿಸುವವರು ಅಮೋನಿಯಾವನ್ನು ಮತ್ತೆ ಸ್ನಾಯುಗಳ ಮೇಲೆ ಹೊರಿಸಿದಂತಾಗುತ್ತದೆ.

ಸಿರೋಸಿಸ್ ರೋಗಿಗಳನ್ನು ನೋಡುವ ವೈದ್ಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಮಾತ್ರೆಗಳ ಹೆಸರನ್ನು ಬರೆಯುವ ಅದೇ ಚೀಟಿಯಲ್ಲಿ, ಅದೇ ಅಕ್ಷರಗಳಲ್ಲಿ, ದಿನಕ್ಕೆ ಎಷ್ಟು ಪ್ರೋಟೀನು ಎಂಬುದನ್ನೂ, ‘ಮಲಗುವ ಮುನ್ನ ಆಹಾರ, ಎದ್ದ ಕೂಡಲೇ ಆಹಾರ, ಹಗಲಿನಲ್ಲಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಬರಿಹೊಟ್ಟೆ ಬೇಡ’ ಎಂಬುದನ್ನೂ ಬರೆದುಕೊಡಿ; ಬಾಯಲ್ಲಿ ಹೇಳಿದ ಮಾತು ಮನೆ ತಲುಪುವಷ್ಟರಲ್ಲಿ ನೆರೆಹೊರೆಯವರ ಪಥ್ಯದ ಮುಂದೆ ಸೋತುಹೋಗುತ್ತದೆ. ವೈದ್ಯರು ಬರೆಯದಿದ್ದರೆ ಮನೆಯವರು ಕೇಳಿ ಬರೆಸಿಕೊಳ್ಳಿ. ರಾತ್ರಿ ಹತ್ತರ ಸುಮಾರಿಗೆ ಹಾಲಿನಲ್ಲಿ ಕಾಯಿಸಿದ ರಾಗಿ ಗಂಜಿಯನ್ನೋ, ಮೊಸರಿನಲ್ಲಿ ನೆನೆಸಿದ ಅವಲಕ್ಕಿಯನ್ನೋ, ಹಿಡಿಯಷ್ಟು ಹುರಿಗಡಲೆಯೊಡನೆ ಬಾಳೆಹಣ್ಣನ್ನೋ ರೋಗಿಗೆ ಕೊಡಿ. ಸಕ್ಕರೆ ಕಾಯಿಲೆಯೂ ಇದ್ದರೆ ಯಾವುದು, ಎಷ್ಟು ಎಂಬುದನ್ನು ವೈದ್ಯರಲ್ಲಿ ವಿಚಾರಿಸಿಕೊಳ್ಳಿ. ಇದನ್ನು ಇಂದಿನ ರಾತ್ರಿಯಿಂದಲೇ ಆರಂಭಿಸಬಹುದು.